ಪೆಟ್ಟಿಗೆ ಬರೆದ ‘ಬರ್ತೇನಿ’

ಯಾರ ಮನೆಯಿಂದ ಎದ್ದು ಹೊರಟರೂ ನಾನು ‘ಬರ್ತೇನಿ’ ಎನ್ನುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ನಡೆದುಬಿಡುತ್ತೇನೆ. ನಮ್ಮ ಕಡೆ ಇದು ಸಣ್ಣ ತಪ್ಪಲ್ಲ. ಹೊರಡುವವರು ‘ಹೋಗ್ತೇನಿ’ ಎನ್ನಬಾರದು, ಅದು ಸಾವಿನ ಮಾತು, ‘ಬರ್ತೇನಿ’ ಎನ್ನಬೇಕು. ಕಳಿಸಿಕೊಡುವವರು ಬರೀ ‘ಹೋಗ್ರಿ’ ಎನ್ನಬಾರದು. ‘ಹೋಗಿ ಬರ್ರಿ’ ಎನ್ನಬೇಕು. ಆ ಓಣಿಗೆ ಮತ್ತೆಂದೂ ಕಾಲಿಡದವನೂ ಹಾಗೇ ಹೇಳಿ ಹೋಗುತ್ತಾನೆ. ಅವನ ದಾರಿಯನ್ನು ಯಾರೂ ಕಾಯುವುದಿಲ್ಲ.

ಬೀಗರು ಇದನ್ನು ಸೊಕ್ಕು ಎಂದರು. ಹೆಂಡತಿ ಇರುವತನಕ ನನ್ನ ಹಿಂದೆ ನಿಂತು, ನನ್ನ ಪಾಲಿನ ಮಾತನ್ನೂ ತಾನೇ ಆಡಿ, ಎಲ್ಲರ ಮನಸ್ಸು ಹಿಡಿದಿದ್ದಳು. ಅವಳು ಹೋದ ಮೇಲೆ ಕರೆಯುವವರು ಕಡಿಮೆಯಾದರು, ಹಾಗಾಗಿ ಹೊರಡುವ ಪ್ರಸಂಗಗಳೂ ಕಡಿಮೆಯಾದವು. ಆ ಮಾತು ನನ್ನ ಬಾಯಿಂದ ಯಾಕೆ ಬಿದ್ದುಹೋಯಿತು ಎಂಬುದನ್ನು ಅವಳಿಗೂ ಹೇಳಿರಲಿಲ್ಲ. ಈಗ ಬರೆಯುತ್ತೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅಂದವಾಗಿ ಬರೆಯಲು ಬಾರದು, ನಡೆದದ್ದನ್ನು ನಡೆದ ಹಾಗೆ ಬರೆಯಬಲ್ಲೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ವಿಜಾಪುರದ ಒಂದು ರೇಡಿಯೋ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ರೇಡಿಯೋ, ಟೇಪ್ ರೆಕಾರ್ಡರ್, ಬ್ಯಾಟರಿ ಹೊತ್ತುಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕು ತಾಲೂಕು ತಿರುಗುವುದು ನನ್ನ ಪಾಲಿಗೆ ಬಂದಿತ್ತು. ಒಂದು ದಿನ ಮಾಲಕರು ನನ್ನನ್ನು ಒಳಗೆ ಕರೆದು ಒಂದು ಪೆಟ್ಟಿಗೆ ತೋರಿಸಿದರು. ಅವರ ಭಾವಮೈದುನ ಹಡಗಿನಲ್ಲಿ ನೌಕರಿ ಮಾಡುತ್ತಿದ್ದ, ಅವನು ಹೊರದೇಶದಿಂದ ತಂದಿದ್ದ. ನೋಡಲು ಚಪ್ಪಟೆ ಮಾಡಿದ ಟೈಪ್‌ರೈಟರ್‌ನ ಹಾಗಿತ್ತು. ಕಾಗದ ಹಾಕುವ ಉರುಳೆ ಇರಲಿಲ್ಲ. ಹಿಂದಿನಿಂದ ಹೊರಟ ತಂತಿಯನ್ನು ಟಿವಿಗೆ ಜೋಡಿಸಿದರೆ, ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುತ್ತಿತ್ತು.

“ಇದು ಕಂಪ್ಯೂಟರ್. ದೊಡ್ಡ ಆಫೀಸಿಂದಲ್ಲ, ಮನಿಯಾಗ ಇಟ್ಟಕೊಳ್ಳೂದು,” ಎಂದರು ಮಾಲಕರು. “ರೇಡಿಯೋ ಬಂದಾಗನೂ ಮಂದಿ ನಕ್ಕಿದ್ರು. ಈಗ ನೋಡು, ಕುರಿ ಕಾಯಾವನ ಹೆಗಲಿಗೂ ಜೋತಬಿದ್ದೈತಿ. ನೀ ನಾಕೂ ತಾಲೂಕಿನಾಗ ತೋರ್ಸು, ಹೆಸರು ಹಚ್ಚಿಕೊಂಡು ಬಾ. ಮಂದಿ ಕೂಡಿದ್ರ ಮುಂಬೈದಿಂದ ತರಸೂಣು.”

ಅದಕ್ಕೆ ಕಲಿಸಿಕೊಟ್ಟವನು ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವರ ಅಣ್ಣನ ಮಗ. ಅವನು ಬರೆದದ್ದೆಲ್ಲ ಒಂದು ಕ್ಯಾಸೆಟ್ಟಿನಲ್ಲಿತ್ತು. ಟೇಪ್ ರೆಕಾರ್ಡರಿಗೆ ಹಾಕಿ ಓಡಿಸಿದರೆ ಕ್ಯಾಸೆಟ್ಟು ಜೀರುಂಡೆಯ ಹಾಗೆ ಕಿರ್ರೆನ್ನುತ್ತಿತ್ತು, ಆಮೇಲೆ ಪೆಟ್ಟಿಗೆ ಕೆಲಸಕ್ಕೆ ನಿಲ್ಲುತ್ತಿತ್ತು. ಮೊದಲು ಪರದೆಯ ಮೇಲೆ ಒಂದು ನಮಸ್ಕಾರ, ನಂತರ ಮಗ್ಗಿ, ನಂತರ ಹೇಳಿದ ಲೆಕ್ಕ, ನಂತರ ಗೋಡೆಗೆ ಬಡಿದು ಬರುವ ಚೆಂಡಿನ ಆಟ, ಕೊನೆಗೆ ಮುಕ್ತಾಯ. ಯಾವುದರ ನಂತರ ಯಾವ ಗುಂಡಿ ಎಂಬುದಷ್ಟೇ ನನಗೆ ಗೊತ್ತು. ಪೆಟ್ಟಿಗೆಯ ಒಳಗೇನಿದೆ ಎಂಬುದು ನೋಡಲು ಬಂದವರಿಗೆ ಎಷ್ಟು ಗೊತ್ತಿತ್ತೋ ನನಗೂ ಅಷ್ಟೇ.

ಜಾಹೀರಾತಿನ ಹಸ್ತಪತ್ರಿಕೆ ಬರೆದವನು ಮಾತ್ರ ನಾನೇ. ಸಾಲಿಯಲ್ಲಿ ನನ್ನ ನಿಬಂಧ ಓದಿ ಮಾಸ್ತರರು ಬೆನ್ನು ತಟ್ಟಿದ್ದರು. ಆ ಹುರುಪು ಇನ್ನೂ ಉಳಿದಿತ್ತು. ‘ಮನೆಗೊಂದು ಕಂಪ್ಯೂಟರ್. ಲೆಕ್ಕ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ’ ಎಂದು ಬರೆದೆ. ಓದಿ ನೋಡಿದರೆ ಎರಡನೆಯ ಸಾಲು ಕುಂಟುತ್ತಿತ್ತು. ‘ಲೆಕ್ಕ’ ತೆಗೆದೆ. ‘ಕೇಳಿದ್ದಕ್ಕೆ ಉತ್ತರ ಕೊಡುತ್ತದೆ.’ ಈಗ ಸಾಲು ಸರಾಗವಾಯಿತು. ಆಟೋದ ಮೇಲೆ ಭೋಂಗಾ ಕಟ್ಟಿಸಿ ಊರೂರಲ್ಲಿ ಅದನ್ನೇ ಕೂಗಿದೆ. ಒಂದು ಪದ ಕಿತ್ತು ಹಾಕಿದ್ದು ಮೋಸ ಎಂದು ಆಗ ಅನಿಸಲೇ ಇಲ್ಲ.

ಮೊದಲ ಪ್ರದರ್ಶನ ಇಂಡಿಯಲ್ಲಿ, ನಿಂಬೆಹಣ್ಣಿನ ವ್ಯಾಪಾರಿಯೊಬ್ಬರ ಪಡಸಾಲೆಯಲ್ಲಿ. ಅಂಗಡಿಯ ಸಣ್ಣ ಟಿವಿಯನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೆ. ಕಂಡಕ್ಟರು ಕೌದಿ ಸರಿಸಿ ನೋಡಿ, “ಕೂಸು ಭಾಳ ಚೌಕ ಐತಲ್ಲೋ, ಯಾರನ್ನ ಹೋಲತೈತಿ?” ಎಂದು ಪೂರಾ ಟಿಕೆಟ್ ಹರಿದಿದ್ದ.

ಪಡಸಾಲೆಯಲ್ಲಿ ನಿಂಬೆಯ ವಾಸನೆ ತುಂಬಿತ್ತು. ಹಮಾಲರೂ ಕೆಲಸ ಬಿಟ್ಟು ಬಂದು ಕುಳಿತರು.

“ಇದು ಹೊಟ್ಟಿಗೆ ಏನ್ ತಿಂತೈತಿ?” ಎಂದ ಒಬ್ಬ ಹಮಾಲ.

“ಕರೆಂಟ್ ರೀ.”

“ಹಂಗಾರ ನಮ್ಮೂರಾಗ ದಿನಾ ಏಕಾದಶಿ ಮಾಡ್ತೈತಿ ಬಿಡು.”

ಎಲ್ಲರೂ ನಕ್ಕರು. ಮಗ್ಗಿ ಓಡಿತು, ಚೆಂಡು ಓಡಿತು. ಕೊನೆಯ ಗುಂಡಿ ಒತ್ತಿದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ‘ಎಂಡ್’ ಎಂದು ಬಂತು. ವ್ಯಾಪಾರಿಯ ಮಗ ಕಾಲೇಜಿಗೆ ಹೋಗುವವನು, “ಮುಗೀತು ಅಂತ ಬರದೈತಿ” ಎಂದು ಅರ್ಥ ಹೇಳಿದ. ಕಂಬಕ್ಕೆ ಒರಗಿ ಕೂತಿದ್ದ ಅವನ ಅಜ್ಜ ತಲೆ ಎತ್ತಿದರು.

“ಯಾರದು ಮುಗೀತು?”

“ಆಟದ್ದು ಅಜ್ಜಾ.”

“ಆಟದ್ದಿರಲಿ, ಮತ್ತೊಂದರದಿರಲಿ. ಮಂದಿ ಮನಿಗೆ ಬಂದು ಮುಗೀತು ಅಂತೈತಲ್ಲ, ಇದಕ್ಕ ತಂದಿ ತಾಯಿ ಇಲ್ಲೇನು? ತಮ್ಮಾ, ಮೊದಲ ನಿನ್ನ ಪೆಟ್ಟಿಗಿಗೆ ಹೊಂಟಾಗ ಬರ್ತೇನಿ ಅನ್ನೂದು ಕಲಸು. ಆಮ್ಯಾಲೆ ಮಾರಾಕ ಬಾ.”

ಅಲ್ಲಿ ಯಾರೂ ಹೆಸರು ಹಚ್ಚಲಿಲ್ಲ. ಆದರೆ ಅಜ್ಜನ ಮಾತು ಸರಿ ಎನಿಸಿತು. ಮಾಲಕರ ಅಣ್ಣನ ಮಗ ರಜೆಗೆ ಬಂದಾಗ ಅವನ ಬೆನ್ನುಹತ್ತಿ ಕೊನೆಯ ಪದ ಬದಲಿಸಿಕೊಂಡೆ. ಪೆಟ್ಟಿಗೆಯಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ‘ಬರ್ತೇನಿ’ ಎಂದು ಬರೆಯಿಸಿದೆ. ಆ ಮೇಲೆ ಯಾವ ಊರಲ್ಲಿ ಯಾರ ಮುಂದೆ ಆಟ ಮುಗಿದರೂ ಪೆಟ್ಟಿಗೆ ಮರ್ಯಾದಸ್ಥರ ಹಾಗೆ ‘ಬರ್ತೇನಿ’ ಎಂದು ಹೇಳಿ ಸುಮ್ಮನಾಗುತ್ತಿತ್ತು.

ಸಿಂದಗಿಯಲ್ಲಿ ವಾರಗಟ್ಟಲೆ ಇದ್ದೆ. ಅಲ್ಲಿ ಭೋಂಗಾದಲ್ಲಿ ನಾನು ‘ಮನಿ ಕಂಪ್ಯೂಟರ್’ ಎಂದು ಕೂಗಿದ್ದನ್ನು ಕೇಳಿ, ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕಿನವರೊಬ್ಬರು ರೊಕ್ಕ ಎಣಿಸುವ ಯಂತ್ರವೆಂದು ತಿಳಿದು ಬಂದರು. ನಮ್ಮ ಮನಿ ಬೇರೆ, ಅವರ ಇಂಗ್ಲಿಷ್ ಮನಿ ಬೇರೆ ಎಂದು ತಿಳಿದಾಗ ಚಹಾ ಕುಡಿಸಿ ಹೋದರು. ಬೇರೆ ಗಿರಾಕಿ ಬರಲಿಲ್ಲ.

ಇಳಿದುಕೊಂಡ ಲಾಡ್ಜಿನ ಕೋಣೆಗೆ ಒಂದೇ ಕಿಟಕಿ. ಖಾನಾವಳಿಯಲ್ಲಿ ಉಂಡು ಬಂದು ಕದ ಮುಚ್ಚಿಕೊಂಡರೆ ಮಾತಾಡಲು ಯಾರೂ ಇರಲಿಲ್ಲ. ತಂದೆತಾಯಿ ಮೊದಲೇ ತೀರಿದ್ದರು, ಅಣ್ಣನ ಮನೆಯಲ್ಲಿ ನಾನು ಹೋದರೂ ಬಂದರೂ ಕೇಳುವವರಿರಲಿಲ್ಲ. ಒಂದು ಸಂಜೆ ಬೇಸರಕ್ಕೆ ಪೆಟ್ಟಿಗೆಯನ್ನು ಜೋಡಿಸಿ ಹಚ್ಚಿದೆ. ಅದು ನನಗೇ ನಮಸ್ಕಾರ ಹೇಳಿತು. ಮಗ್ಗಿ ಬೇಡವೆಂದು ದಾಟಿಸಿ ಕೊನೆಯ ಗುಂಡಿ ಒತ್ತಿದೆ. ಬರ್ತೇನಿ ಎಂದಿತು. ಬರೆಯಿಸಿದವನು ನಾನೇ, ಒತ್ತಿದವನೂ ನಾನೇ. ಆದರೂ ಕೋಣೆಯಲ್ಲಿ ಇನ್ನೊಬ್ಬರು ಇದ್ದು ಈಗ ತಾನೇ ಎದ್ದುಹೋದ ಹಾಗೆನಿಸಿತು. ಮರುದಿನ ಸಂಜೆಯೂ ಹಚ್ಚಿದೆ. ಅದರ ಮರುದಿನವೂ. ಇದನ್ನು ಯಾಕೆ ಬರೆಯುತ್ತೇನೆಂದರೆ, ಆ ಪದ ಪರದೆಯ ಮೇಲೆ ಮೂಡಿದಾಗ ಒಂಟಿ ಮನುಷ್ಯನಿಗೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ಗಿರಾಕಿ ಸಿಗದಿದ್ದಾಗ ಮಾಲಕರಿಗೆ ಒಂದು ಉಪಾಯ ಹೊಳೆಯಿತು. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳ ಶಾಲೆಗೆ ಸರ್ಕಾರದವರು ದೊಡ್ಡ ಟಿವಿ ಕೊಟ್ಟಿದ್ದರು. ಚಾವಣಿಯ ಮೇಲೆ ಜಾಳಿಗೆಯ ದೊಡ್ಡ ಬುಟ್ಟಿ ನಿಲ್ಲಿಸಿ, ಆಕಾಶದ ಉಪಗ್ರಹದಿಂದ ಚಿತ್ರ ತರುತ್ತಿದ್ದರು. ಒಂದು ವರ್ಷ ಬಂದ ಚಿತ್ರ ಆಮೇಲೆ ನಿಂತುಹೋಯಿತು. ಟಿವಿಗಳು ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತವು. ಅಂಥ ಊರಿಗೆ ಹೋದರೆ ಟಿವಿ ಹೊರುವುದು ತಪ್ಪುತ್ತದೆ, ಪರದೆಯೂ ದೊಡ್ಡದು, ಇಡೀ ಊರು ನೋಡುತ್ತದೆ ಎಂದರು. ಬಾಗೇವಾಡಿ ತಾಲೂಕಿನಲ್ಲಿ ಕೊಲ್ಹಾರದಾಚೆ ಹೊಳೆದಂಡೆಯ ಒಂದು ಹಳ್ಳಿಗೆ ನಾನು ಹೋದದ್ದು ಹೀಗೆ.

ಶಾಲೆ ಬಿಟ್ಟ ಮೇಲೆ ಹೆಡ್ ಮಾಸ್ತರರು ಕಪಾಟಿನ ಬೀಗ ತೆಗೆದರು. ಟಿವಿಯ ಮೇಲೆ ಯಾರೋ ಇಟ್ಟ ಊದಿನಕಡ್ಡಿಯ ಬೂದಿ ಹಾಗೇ ಇತ್ತು. ಚಿತ್ರ ಮತ್ತೆ ಬರುತ್ತದೆ ಎಂದು ತಿಳಿದು ಊರು ಬಂದು ತುಂಬಿತು. ಮುಂದೆ ಕುರ್ಚಿಯಲ್ಲಿ ಗೌಡರು, ಕೆಳಗೆ ಗಂಡಸರು, ಬಾಗಿಲಲ್ಲಿ ಹೆಂಗಸರು. ಅವರ ನಡುವೆ ಸಾಲಿಯ ಉಪ್ಪಿಟ್ಟು ಬೇಯಿಸುವಾಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳಿರಬೇಕು.

ಅಕ್ಷರಗಳು ಮೊದಲು ಮೇಲಿಂದ ಕೆಳಕ್ಕೆ ಉರುಳಿದವು. ಟಿವಿಯ ಹಿಂದಿನ ತಿರುಗಣೆ ಹಿಡಿದು ನಿಲ್ಲಿಸಿದೆ. ನಮಸ್ಕಾರ ಬಂದಾಗ ಕೆಲವರು ಕೈಮುಗಿದರು. ಗೌಡರು ಕಬ್ಬಿನ ಟನ್ನು ಹೇಳಿದರು, ದರ ಹೇಳಿದರು, ಉತ್ತರ ಬಂತು. ಹೆಡ್ ಮಾಸ್ತರರು ಬೋರ್ಡಿನ ಮೇಲೆ ಗುಣಿಸಿ ನೋಡಿ ಬರಾಬರಿ ಎಂದರು.

“ಕೇಳಿದ್ದಕ್ಕೆಲ್ಲ ಉತ್ತರ ಅಂತ ಭೋಂಗಾದಾಗ ಒದರಿದಿರಿ,” ಎಂದ ಹಿಂದಿನಿಂದ ಒಬ್ಬ. “ನಮ್ಮ ಎಮ್ಮಿ ಯಾವಾಗ ಈಯತೈತಿ ಕೇಳ್ರಿ.”

“ಅದನ್ನ ಎಮ್ಮಿಗೇ ಕೇಳೋ ಮಾರಾಯಾ,” ಎಂದರು ಹೆಡ್ ಮಾಸ್ತರರು. ಶಾಲೆಯೆಲ್ಲ ನಕ್ಕಿತು.

ನಗೆ ಇಳಿಯುವ ಹೊತ್ತಿಗೆ ಬಾಗಿಲಿನಿಂದ ಉಪ್ಪಿಟ್ಟಿನಾಕೆ ಅಂದಳು: “ಅಣ್ಣಾರ, ನಾ ಒಂದ ಕೇಳಲ್ರಿ?”

“ಕೇಳ್ರಿ ಅಕ್ಕಾರ,” ಎಂದೆ. ಮಾರುವವನ ಬಾಯಿಗೆ ಬೇರೆ ಮಾತು ಬರುವುದಿಲ್ಲ.

“ನಮ್ಮ ಮನಿಯವರದು ಏನರೆ ಸುದ್ದಿ ಐತೇನು ಅಂತ.”

ಯಾರೂ ನಗಲಿಲ್ಲ. ಅವಳ ಗಂಡ ಗೋವೆಗೆ ರಸ್ತೆ ಕೆಲಸಕ್ಕೆ ಹೋದ ತಂಡದಲ್ಲಿದ್ದ. ಉಳಿದವರೆಲ್ಲ ತಿರುಗಿ ಬಂದರು, ಅವನು ಬರಲಿಲ್ಲ. ಇದನ್ನು ಹೆಡ್ ಮಾಸ್ತರರು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ಅವಳ ಕಡೆ ತಿರುಗಿ, ಮಾತನ್ನು ಹಗುರ ಮಾಡಲೆಂದೋ ಏನೋ, “ಹೆಸರು ಬೇಕಾಗತೈತಲ್ಲ ಬೇ ಅದಕ್ಕ. ಹೆಸರಿಲ್ಲದ ಮನಶ್ಯಾನ್ನ ಎಲ್ಲೆಂತ ಹುಡಕೀತು?” ಎಂದರು.

“ಅವರ ಹೆಸರು ನಾ ಹೆಂಗ ಹೇಳಲ್ರಿ?”

“ಒಡಪಾ ಹಾಕಿ ಹೇಳ,” ಎಂದಳು ಪಕ್ಕದ ಮುದುಕಿ. ಮದುವೆಯಲ್ಲಿ ಹೆಣ್ಣುಮಕ್ಕಳು ಪದ್ಯದೊಳಗೆ ಸೇರಿಸಿ ಗಂಡನ ಹೆಸರು ಹೇಳುತ್ತಾರಲ್ಲ, ಅದು ಒಡಪು.

ಅವಳು ಸ್ವಲ್ಪ ಹೊತ್ತು ನೆಲ ನೋಡಿದಳು. “ಒಡಪಾ ಮರತೇನ್ರಿ,” ಎಂದಳು.

ನನಗೆ ಅಲ್ಲಿಂದ ಹೇಗಾದರೂ ಬಿಡಿಸಿಕೊಂಡರೆ ಸಾಕಾಗಿತ್ತು. ಮೇಲಿನ ದೀಪ ಮಂಕಾಗುತ್ತಿತ್ತು, ಕರೆಂಟು ಹೋಗುವ ಲಕ್ಷಣ. ಆಟ ಮುಗಿಸಿಬಿಡೋಣವೆಂದು ಕೊನೆಯ ಗುಂಡಿ ಒತ್ತಿದೆ. ಒತ್ತಿದ ಮೇಲೆ ತಿಳಿಯಿತು. ಹೆಡ್ ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ದೊಡ್ಡದಾಗಿ ಓದಿದರು: “ಬ... ರ್ತೇ... ನಿ.”

ಕೂಡಲೇ ಕರೆಂಟು ಹೋಯಿತು. ಪರದೆಯ ನಡುವೆ ಒಂದು ಬೆಳಕಿನ ಚುಕ್ಕಿ ಉಳಿದು ಅದೂ ಆರಿತು.

ಕತ್ತಲಲ್ಲಿ ಮೊದಲು ಮಾತಾಡಿದವಳು ಆ ಮುದುಕಿ. “ಹೆಸರು ಹೇಳದನ ಗುರ್ತ ಹಿಡೀತಲ್ಲ ಯವ್ವಾ.”

ಗುಜುಗುಜು ಎದ್ದಿತು. ಹೆಡ್ ಮಾಸ್ತರರು ನನ್ನ ತೋಳು ಮುಟ್ಟಿ, “ಇದು ಖರೇನ ಹೇಳತೈತೇನ್ರಿ?” ಎಂದು ಮೆಲ್ಲಗೆ ಕೇಳಿದರು. ಹೇಳಲು ಅದೇ ಸಮಯವಿತ್ತು. ‘ಇಲ್ಲರಿ, ಅದು ಹೊರಡುವಾಗಿನ ಮಾತು, ಎಲ್ಲಾ ಊರಲ್ಲೂ ಹೇಳುತ್ತದೆ’ ಎಂದರೆ ಮುಗಿಯುತ್ತಿತ್ತು. ಬಾಯಿ ತೆಗೆದಿದ್ದೆ ಕೂಡ. ಅಷ್ಟರಲ್ಲಿ ಮುಂದಿನ ಕುರ್ಚಿಯಿಂದ ಗೌಡರ ದನಿ ಬಂತು: “ಏ, ನಂದೊಂದು ಹೆಸರು ಹಚ್ಚಿಕೋ ತಮ್ಮಾ. ಇಂಥಾದ್ದು ಮನಿಯಾಗಿರಬೇಕು.”

ನಾಲ್ಕು ತಾಲೂಕು ತಿರುಗಿ ನನಗೆ ಸಿಕ್ಕ ಮೊದಲ ಗಿರಾಕಿ ಅವರು. ನಾನು ಬಾಯಿ ಮುಚ್ಚಿದೆ. ತಂತಿ ಸುತ್ತಲು ಶುರುಮಾಡಿದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಉಪ್ಪಿಟ್ಟಿನಾಕೆ ನನ್ನನ್ನು ಅಡುಗೆ ಕೋಣೆಗೆ ಕರೆದು ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು ಕೊಟ್ಟಳು. ತಾನು ಒಲೆಯ ಆಚೆ ಕೂತು, ನಾನು ಕೇಳದೆಯೇ ಹೇಳತೊಡಗಿದಳು. ಜಗಳ ಸಣ್ಣದಿತ್ತಂತೆ. ಬುತ್ತಿಗೆ ಕಟ್ಟಿದ ಚಟ್ನಿಯ ಮೇಲೆ ಶುರುವಾದದ್ದು ಅವನ ತಾಯಿಯವರೆಗೆ ಹೋಯಿತಂತೆ.

“ಗಂಟು ತಗೊಂಡು ಹೊಸ್ತಿಲಾ ದಾಟಿದ್ರು. ಇಲ್ಲೇ ನಿಂತಿದ್ದೆ ನಾ. ಬರ್ತೇನಿ ಅನ್ನಲಿಲ್ಲ ಅಣ್ಣಾರ. ಸಿಟ್ಟಿದ್ರೂ ಅದೊಂದ ಅನ್ನಬೇಕಿತ್ತು. ನಾನೂ ಹೋಗಿ ಬರ್ರಿ ಅನ್ನಲಿಲ್ಲ.” ಅವಳು ಇನ್ನೊಂದು ರೊಟ್ಟಿ ಹಾಕಿದಳು. “ಇವತ್ತ ಅಂದ್ರು.”

ನಾನು ತಂಬಿಗೆ ಎತ್ತಿ ನೀರು ಕುಡಿದೆ.

“ನಮ್ಮ ಅಣ್ಣ ಉಡಿಕಿಗೆ ಗಂಡು ನೋಡ್ಯಾನ್ರಿ,” ಎಂದಳು. ಗಂಡ ಸತ್ತ ಅಥವಾ ಬಿಟ್ಟುಹೋದ ಹೆಣ್ಣಿಗೆ ಮತ್ತೊಂದು ಮನೆ ಕಟ್ಟಿಕೊಡುವುದಕ್ಕೆ ಉಡಿಕಿ ಎನ್ನುತ್ತಾರೆ. “ಮುದ್ದೇಬಿಹಾಳ ಕಡೆಯಾಂವ. ಹೆಂಡತಿ ಸತ್ತಾಳ, ಒಂದು ಹೆಣ್ಣ ಕೂಸೈತಿ. ಚಲೋ ಮನಶ್ಯಾನ ಅಂತಾರ. ಆ ಕೂಸಿಗೆ ನನ್ನ ಕೈಯಾಗ ಬೆಳೀಲಿ ಅಂತ ಮನಸೂ ಆಗಿತ್ತು. ಅಮಾಸಿಗೆ ಹ್ಞೂಂ ಅನ್ನೂದು ಅಂತ ಮಾಡಿದ್ದೆ.” ಇನ್ನಷ್ಟು ಮೊಸರು ಬಡಿಸಿ, “ಇನ್ನ ಹೆಂಗ ಅನ್ಲಿ? ಚಲೋ ಆತು ನೀವು ಅಮಾಸಿಗಿಂತ ಮುಂಚೆ ಬಂದ್ರಿ,” ಎಂದಳು.

ನಾವಿಬ್ಬರೇ ಇದ್ದೆವು. ಗೌಡರು ಮನೆಗೆ ಹೋಗಿದ್ದರು. ಅಲ್ಲಿ ಹೇಳಿದ್ದರೆ ಗೌಡರ ಕಿವಿಗೆ ಹೋಗುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ಗಿರಾಕಿಯ ಆಸೆಯೊಂದೇ ನನ್ನನ್ನು ತಡೆಯಿತು ಎಂದು ಬರೆದರೆ ಅದೂ ಪೂರ್ತಿ ನಿಜವಲ್ಲ. ಅವಳ ಮುಖದ ಮೇಲೆ ಇದ್ದದ್ದನ್ನು ಆರಿಸುವ ಧೈರ್ಯ ನನಗಿರಲಿಲ್ಲ. ಆಮೇಲೆ ಬೇರೆ ಯಾರಾದರೂ ಹೇಳುತ್ತಾರೆ ಎಂದುಕೊಂಡೆ. ಕೈ ತೊಳೆದು, ಪೆಟ್ಟಿಗೆ ಎತ್ತಿಕೊಂಡು, ರೂಢಿಯಂತೆ “ಬರ್ತೇನ್ರಿ ಅಕ್ಕಾರ” ಎಂದೆ.

“ಹೋಗಿ ಬರ್ರಿ,” ಎಂದು ಅವಳು ನಕ್ಕಳು. ಆ ಮಾತನ್ನು ಆಡಿ ಬಹಳ ದಿನವಾಗಿತ್ತೇನೋ ಎಂಬಂತೆ ಇನ್ನೊಮ್ಮೆ ಅಂದಳು.

ಅಮಾವಾಸ್ಯೆ ಕಳೆದ ಮೇಲೆ ಪೆಟ್ಟಿಗೆ ಮುದ್ದೇಬಿಹಾಳದಲ್ಲಿ ಸತ್ತಿತು. ಅದು ನಮ್ಮ ಕರೆಂಟಿನ ಅರ್ಧ ಜೋರಿಗೆ ಓಡುವ ಯಂತ್ರ. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟು ಹಚ್ಚಬೇಕಿತ್ತು. ಕಾಳಿನ ಅಂಗಡಿಯೊಂದರಲ್ಲಿ ನಾನು ಚಹಾಕ್ಕೆ ಹೋದಾಗ ಉತ್ಸಾಹಿಯೊಬ್ಬ ನೇರ ಗೋಡೆಯ ಪ್ಲಗ್ಗಿಗೆ ಚುಚ್ಚಿದ. ತಿರುಗಿ ಬರುವಷ್ಟರಲ್ಲಿ ಜೋಳದ ಚೀಲಗಳ ನಡುವೆ ಸುಟ್ಟ ವಾಸನೆ, ನೀಲಿ ಹೊಗೆ. “ಆರತಿ ಬೆಳಗಿದಂಗಾತು ನೋಡ್ರಿ,” ಎಂದ ಅವನು, ಹೆದರಿಕೊಂಡೇ. ಪೆಟ್ಟಿಗೆಯ ಗುಂಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮಾಲಕರು ಒಂದು ದಿನ ಬೈದರು, ಮರುದಿನ ಮತ್ತೆ ಬ್ಯಾಟರಿ ಮಾರಲು ಕಳಿಸಿದರು. ನಾಲ್ಕು ತಾಲೂಕಿನ ಮನೆ ಕಂಪ್ಯೂಟರಿನ ವ್ಯಾಪಾರ ಅಷ್ಟಕ್ಕೇ ಮುಗಿಯಿತು.

ಗೌಡರು ಹೆಸರು ಹಚ್ಚಿಸಿ ಕೊಟ್ಟಿದ್ದ ಮುಂಗಡ ವಾಪಸು ಕೊಡಲು ನಾನೇ ಹೋಗಬೇಕಾಯಿತು. ಅವರು ನಕ್ಕು ಇಸಿದುಕೊಂಡರು. ಅವರಿಗೇನೂ ಹೋಗಿರಲಿಲ್ಲ. ತಿರುಗಿ ಬರುವಾಗ ಶಾಲೆಯ ಮುಂದೆ ಉಪ್ಪಿಟ್ಟಿನಾಕೆ ಎದುರಾದಳು. ಉಡಿಕಿಗೆ ಇಲ್ಲವೆಂದು ಹೇಳಿದ್ದಳು. ಅಣ್ಣ ಸಿಟ್ಟಾಗಿ ಅವಳ ಹೊಸ್ತಿಲು ತುಳಿಯುವುದನ್ನು ಬಿಟ್ಟಿದ್ದ. ಮುದ್ದೇಬಿಹಾಳದವನು ಬೇರೆ ಕಡೆ ಮಾಡಿಕೊಂಡಿದ್ದ.

“ಪೆಟ್ಟಿಗಿ ತಂದಿಲ್ಲೇನ್ರಿ? ಇನ್ನೊಮ್ಮೆ ಕೇಳಬೇಕಿತ್ತು. ಯಾವಾಗ ಅಂತ ಹೇಳಲೇ ಇಲ್ಲ ಅದು.”

“ರಿಪೇರಿಗೆ ಹೋಗೈತ್ರಿ ಅಕ್ಕಾರ,” ಎಂದೆ.

“ಬರ್ತೈತಲ್ಲ?”

“ಬರ್ತೈತ್ರಿ.”

ಇದು ಎರಡನೆಯದು. ಮೊದಲನೆಯದು ಬಾಯಿ ಮುಚ್ಚಿಕೊಂಡದ್ದು, ಇದು ಬಾಯಿಬಿಟ್ಟು ಆಡಿದ ಸುಳ್ಳು. ಆ ದಿನ ಅವಳ ಮುಂದಿನಿಂದ ಹೊರಡುವಾಗ ‘ಬರ್ತೇನಿ’ ಎನ್ನಲು ಹೋದೆ, ನಾಲಿಗೆ ಏಳಲಿಲ್ಲ. ಅಲ್ಲಿಂದ ಮುಂದೆ ಎಲ್ಲಿಯೂ ಏಳಲಿಲ್ಲ.

ಆಮೇಲೆ ನಾನು ರೇಡಿಯೋ ಅಂಗಡಿ ಬಿಟ್ಟು ಬಟ್ಟೆ ಅಂಗಡಿ ಸೇರಿದೆ, ಮದುವೆಯಾದೆ. ತಿರುಗಾಟ ನಿಂತಿತು. ಕೊಲ್ಹಾರದ ದಾರಿಯ ಬಸ್ಸು ಕಂಡರೆ ಮುಖ ಆಚೆ ತಿರುಗಿಸುತ್ತಿದ್ದೆ. ಹೊಳೆಗೆ ಅಣೆಕಟ್ಟು ಬಂತು, ಹಿನ್ನೀರು ಏರಿತು, ಹಳ್ಳಿಗಳು ಮೇಲಕ್ಕೆ ಸರಿದವು ಎಂದು ಕೇಳಿದೆ. ಆ ಶಾಲೆ, ಆ ಕಪಾಟು ಎಲ್ಲ ನೀರಿನ ಕೆಳಗೆ ಹೋಗಿರಬೇಕು ಎಂದುಕೊಂಡಾಗ ನನಗೆ ಸಮಾಧಾನವಾಯಿತು. ಅಂಥ ಸಮಾಧಾನಕ್ಕೂ ನಾಚಿಕೆಯಾಗಬೇಕಿತ್ತು, ಆಗ ಆಗಲಿಲ್ಲ.

ಹೆಂಡತಿ ತೀರಿದ ಮೇಲೆ ಮನೆಯಲ್ಲಿ ಸಂಜೆಗಳು ಮತ್ತೆ ಸಿಂದಗಿಯ ಆ ಲಾಡ್ಜಿನ ಸಂಜೆಗಳಂತಾದವು. ಅವಳು ಕೊನೆಗೆ ಆಸ್ಪತ್ರೆಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು ನನಗೆ ‘ಬರ್ತೇನಿ’ ಎಂದೇ ಹೇಳಿ ಹೋಗಿದ್ದಳು. ಬಾಗಿಲು ಸಪ್ಪಳವಾದರೆ ಈಗಲೂ ತಲೆ ಎತ್ತುತ್ತೇನೆ. ಉತ್ತರಕ್ರಿಯೆ ಮಾಡಿ ಬಂದವನಿಗೇ ಹೀಗೆ. ಯಾವುದೂ ಗೊತ್ತಿಲ್ಲದೆ ಕಾಯುವವಳಿಗೆ ಹೇಗಿದ್ದೀತು ಎಂಬುದು ಆ ದಿನಗಳಲ್ಲಿ ತಿಳಿಯಿತು. ಒಂದು ಬೆಳಿಗ್ಗೆ ಹೋಗಿ ಕೊಲ್ಹಾರದ ದಾರಿಯ ಬಸ್ಸು ಹತ್ತಿದೆ.

ಹೊಸ ಊರಿನಲ್ಲಿ ಇಳಿದು ಚಹಾದಂಗಡಿಯವನನ್ನು ಕೇಳಿದೆ. ಸಾಲಿಯಲ್ಲಿ ಉಪ್ಪಿಟ್ಟು ಮಾಡುತ್ತಿದ್ದವರು ಎನ್ನುತ್ತಿದ್ದಂತೆ ಅವನು ರಸ್ತೆಯ ಆಚೆ ಕೈ ತೋರಿಸಿದ. ಮನೆಯ ಕಟ್ಟೆಯ ಮೇಲೆ ಮೊಸರಿನ ಮಣ್ಣಿನ ಗಡಿಗೆಗಳನ್ನು ಸಾಲಾಗಿ ಇಟ್ಟುಕೊಂಡು ಬಿಳಿ ಕೂದಲಿನ ಒಬ್ಬಾಕೆ ಕೂತಿದ್ದಳು.

“ಆಕಿಗೆ ಅಣ್ಣನ ಮನಿ ಬಾಜೂಕ ಜಾಗಾ ಬಂದಿತ್ರಿ, ಒಳಗ, ಚಲೋ ಜಾಗಾ,” ಎಂದ ಅವನು. “ಬ್ಯಾಡ ಅಂದ್ಲು. ಬಸ್ ನಿಲ್ಲೂ ಕಡೆನ ಬೇಕು ಅಂತ ಹಟಾ. ಊರು ಸರದದ್ದು ಗೊತ್ತಿಲ್ಲದಾವರು ಬಂದ್ರ ಯಾರನ್ನ ಕೇಳಬೇಕು ಅಂತ. ಈ ಧೂಳಿನಾಗ ಕುಂತಾಳ ನೋಡ್ರಿ.”

ನಾನು ಬಂದ ಬಸ್ಸು ಇನ್ನೂ ನಿಂತಿತ್ತು. ಅವಳು ಮೊಸರು ಕೊಡುತ್ತಲೇ ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಆತುರವೇನೂ ಇರಲಿಲ್ಲ, ಅಕ್ಕಿ ಆರಿಸುವಾಗ ಕೈ ಓಡುತ್ತದಲ್ಲ, ಹಾಗೆ ಕಣ್ಣು ಓಡುತ್ತಿತ್ತು. ಎಲ್ಲರೂ ಇಳಿದ ಮೇಲೆ ಕಣ್ಣು ತಾನಾಗಿ ಗಡಿಗೆಗೆ ಮರಳಿತು.

ಹತ್ತಿರ ಹೋಗಿ ಗುರುತು ಹೇಳಿದೆ. ಅವಳಿಗೆ ಕೂಡಲೇ ನೆನಪಾಯಿತು. “ಪೆಟ್ಟಿಗಿ ಅಣ್ಣಾರ,” ಎಂದು ಜಾಗ ಮಾಡಿಕೊಟ್ಟು, ಒಂದು ಗಡಿಗೆ ಮುಂದಿಟ್ಟಳು. “ನೀವೂ ಹಣ್ಣಾದ್ರಿ. ರಿಪೇರಿ ಆತೇನ್ರಿ ಅದು?” ಎಂದು ನಕ್ಕಳು. ಕೈಯಲ್ಲಿ ಹಸಿರು ಬಳೆ, ಹಣೆಯಲ್ಲಿ ಕುಂಕುಮ ಹಾಗೇ ಇದ್ದವು.

ಮೊಸರು ಮುಟ್ಟದೆ ಎಲ್ಲ ಹೇಳಿದೆ. ಇಂಡಿಯ ಅಜ್ಜ ಬೈದದ್ದು, ನಾನು ಪದ ಬದಲಿಸಿದ್ದು, ಕರೆಂಟು ಹೋಗುತ್ತದೆಂದು ಗುಂಡಿ ಒತ್ತಿದ್ದು, ಗೌಡರ ಆಸೆಗೆ ಸುಮ್ಮನಾದದ್ದು, ಪೆಟ್ಟಿಗೆ ಆಗಲೇ ಸುಟ್ಟುಹೋಗಿದ್ದದ್ದು.

“ಆ ಮಾತು ಇಂಡಿ, ಸಿಂದಗಿ, ಎಲ್ಲಾ ಊರಾಗೂ ಹೇಳತಿತ್ರಿ ಅಕ್ಕಾರ. ಆಟ ಮುಗದ ಮ್ಯಾಲೆ ಹೇಳೂ ಮಾತು ಅದು.”

ಅವಳು ಗಡಿಗೆಯ ಮೇಲಿನ ಎಲೆಯನ್ನು ಸರಿಮಾಡಿದಳು. ಸರಿಯಾಗಿದ್ದದ್ದನ್ನೇ ಮತ್ತೊಮ್ಮೆ ಸರಿಮಾಡಿದಳು.

“ಯಾರಿಗೆ ಹೇಳತಿತ್ತು?”

“ಯಾರಿಗೂ ಅಲ್ರಿ.”

“ಸಿಂದಗ್ಯಾಗೂ ಹೇಳಿತ್ತು?”

“ಹೌದ್ರಿ. ಒಬ್ಬಾಂವನ ಇದ್ದಾಗ ನನಗೂ ಹೇಳತಿತ್ತು.”

ಅವಳು ಕಟ್ಟೆಯ ಮೇಲೆ ಕೂತ ಧೂಳನ್ನು ಕೈಯಿಂದ ಒರೆಸಿದಳು. ಆಮೇಲೆ ನನಗಲ್ಲ, ಗಡಿಗೆಗಳಿಗೆ ಹೇಳುವ ಹಾಗೆ, “ಹಂಗಾರ ಅವರು ಏನೂ ಅಂದೇ ಇಲ್ಲ,” ಎಂದಳು.

ತಪ್ಪಾಯಿತು ಎಂದೆ. ಕೈಮುಗಿದೆ. ಅವಳು ನನ್ನ ಕೈಗಳನ್ನು ನೋಡಿದಳೋ ಇಲ್ಲವೋ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅತ್ತಿದ್ದರೂ ತಡೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ವಿಜಾಪುರದ ಕಡೆ ಹೋಗುವ ಬಸ್ಸು ಬಂದು ಧೂಳೆಬ್ಬಿಸಿ ನಿಂತಿತು. ಜನ ಇಳಿದರು. ಒಬ್ಬ ಬಂದು ಮೊಸರು ಕೇಳಿದ. ಅವಳು ಕೊಟ್ಟು, ಚಿಲ್ಲರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಇಳಿದವರ ಮುಖಗಳನ್ನು ಅವಳು ನೋಡಲಿಲ್ಲ.

ನಾನು ಕಟ್ಟೆಯಿಂದ ಇಳಿದು ಚಪ್ಪಲಿ ಮೆಟ್ಟಿದೆ. ಒಂದು ಮಾತು ಆಡಬೇಕಿತ್ತು. ಯಾವುದನ್ನು ಆಡಲಿ ಎಂದು ತಿಳಿಯದೆ ನಿಂತೇ ಇದ್ದೆ. ಕಂಡಕ್ಟರು ಸೀಟಿ ಊದಿದ. ಆಗ ಅವಳು ತಲೆ ಎತ್ತಿ, ಸಿಟ್ಟಿಲ್ಲದೆ, ಬಸ್ಸು ತಪ್ಪೀತೆಂದು ಹೇಳುವವರ ದನಿಯಲ್ಲಿ ಅಂದಳು:

“ಹೋಗ್ರಿ.”